ಸೌದೆ ಕಡಿಯುವ, ಅಳೆಯುವ ಮಾತುಗಳು: ಒಂದು ವಿಚಾರಣೆ

ಮಾನ್ಯರೆ,

ಮಳೆಗಾಲದಲ್ಲಿ ಉರುಳಿದ ಮರಗಳನ್ನೂ ಹಳೆಯ ಮನೆ ಕೆಡವಿದಾಗ ಸಿಗುವ ತೊಲೆ, ಜಂತೆಗಳನ್ನೂ ಸೌದೆಗೆ ಬಳಸುವ ಬಗೆಯನ್ನು ತಿಳಿಸುವ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಬಳಸಬೇಕಾದ ಕೆಲವು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಇತ್ತೀಚಿನ ಬರಹಗಳಲ್ಲಿ ಎಲ್ಲಕ್ಕೂ ‘ಕತ್ತರಿಸು’ ಎಂಬ ಒಂದೇ ಕ್ರಿಯಾಪದ ಬರುತ್ತಿರುವುದು ನನಗೆ ಸರಿಕಾಣುವುದಿಲ್ಲ. ಕೊಡಲಿಯಿಂದ ರೆಂಬೆಯನ್ನು ಕಡಿಯುತ್ತೇವೆ, ಗರಗಸದಿಂದ ದಿಮ್ಮಿಯನ್ನು ಅಡ್ಡಲಾಗಿ ಕೊಯ್ಯುತ್ತೇವೆ, ಕೊಯ್ದ ತುಂಡನ್ನು ಎಳೆಯ ಉದ್ದಕ್ಕೆ ಬೆಣೆಯಿಟ್ಟು ಸೀಳುತ್ತೇವೆ ಅಥವಾ ಒಡೆಯುತ್ತೇವೆ. ಗಂಟುಗಂಟಾದ ತುಂಡನ್ನು ಕೊಯ್ಯಬಹುದು, ಒಡೆಯುವುದು ಬಹಳ ಕಷ್ಟ. ಎರಡಕ್ಕೂ ಒಂದೇ ಮಾತಾದರೆ ಈ ಎಚ್ಚರಿಕೆಯನ್ನು ಓದುಗನಿಗೆ ಹೇಳುವುದಾದರೂ ಹೇಗೆ? ‘ಸೀಳು’ ಮತ್ತು ‘ಒಡೆ’ ಇವುಗಳ ನಡುವೆ ತಮ್ಮ ಸೀಮೆಯಲ್ಲಿ ಅರ್ಥಭೇದವಿದ್ದರೆ ದಯವಿಟ್ಟು ತಿಳಿಸಬೇಕು.

ಇದಕ್ಕಿಂತ ತೊಡಕಿನದು ಅಳತೆಯ ಮಾತು. ಒಲೆಗೆ ತಕ್ಕಂತೆ ಗೇಣುದ್ದ, ಮೊಳದುದ್ದ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ‘ಘನ ಅಡಿ’ ಎಂಬುದು ಮೂರು ಬೇರೆ ಲೆಕ್ಕಗಳನ್ನು ಮರೆಮಾಚುತ್ತದೆ. ನಾಟಾ ವ್ಯಾಪಾರದ ಹಳೆಯ ಪದ್ಧತಿಯಲ್ಲಿ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಮತ್ತೆ ಗುಣಿಸುತ್ತಾರೆ. 4 ಅಡಿ ಸುತ್ತಳತೆಯ 8 ಅಡಿ ಉದ್ದದ ದಿಮ್ಮಿ ಈ ಲೆಕ್ಕಕ್ಕೆ 8 ಘನ ಅಡಿ, ಅದರ ನಿಜವಾದ ಗಾತ್ರವಾದರೋ ಸುಮಾರು 10.2 ಘನ ಅಡಿ. ಅದನ್ನೇ ಒಡೆದು ಒಟ್ಟಿದರೆ ನಡುವಿನ ಸಂದುಗಳೂ ಸೇರಿ ಅಳತೆ ಇನ್ನಷ್ಟು ಹೆಚ್ಚುತ್ತದೆ. ಹೀಗಾಗಿ ಮೊದಲನೆಯದನ್ನು ‘ಸುತ್ತಳತೆಯ ಲೆಕ್ಕ’, ಎರಡನೆಯದನ್ನು ‘ನಿಜಗಾತ್ರ’, ಸಂದು ಸೇರಿದ್ದನ್ನು ‘ಅಟ್ಟಿಯಳತೆ’ ಎಂದು ಕರೆಯಬಹುದೆಂದು ನನ್ನ ಸೂಚನೆ. ಸೌದೆ ಒಟ್ಟಿದ ರಾಶಿಗೆ ‘ಅಟ್ಟಿ’ಗಿಂತ ಬಳಕೆಯಲ್ಲಿರುವ ಮಾತು ಯಾರಿಗಾದರೂ ಗೊತ್ತಿದ್ದರೆ ಅದನ್ನೇ ಸಂತೋಷದಿಂದ ತೆಗೆದುಕೊಳ್ಳುತ್ತೇನೆ.

ಮರ ಗುರುತಿಸುವ ಭಾಗದಲ್ಲಿ ತೊಡಕು ಕಡಿಮೆ. ಕಚ್ಚು ಹಾಕಿದೊಡನೆ ಕೆಂಪು ಸೊನೆ ಒಸರುವ ಹೊನ್ನೆ, ಮೊಸಳೆಯ ಚರ್ಮದಂತೆ ತೊಗಟೆ ಬಿರಿದ ಮತ್ತಿ, ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆಯೇಳಿಸುವ ಹೊಳೆಗೇರು ಇವುಗಳಿಗೆ ನೆಲೆಯಾದ ಹೆಸರುಗಳಿವೆ. ಮರದ ಗಟ್ಟಿ ತಿರುಳಿಗೆ ‘ಚೇಗು’ ಎಂಬ ಒಳ್ಳೆಯ ಪದವಿದೆ. ಅದರ ಸುತ್ತಲಿನ, ಬೇಗ ಹುಳು ಹಿಡಿಯುವ ಬಿಳಿಯ ಭಾಗಕ್ಕೆ ಪಠ್ಯಪುಸ್ತಕದ ‘ರಸಕಾಷ್ಠ’ವನ್ನು ಬಿಟ್ಟು ಬಡಗಿಗಳೂ ಸೌದೆ ಒಡೆಯುವವರೂ ಆಡುವ ಮಾತು ಯಾವುದು? ಪದದೊಡನೆ ಅದು ಯಾವ ತಾಲ್ಲೂಕಿನ ಬಳಕೆಯೆಂಬುದನ್ನೂ ಬರೆದು ತಿಳಿಸಬೇಕಾಗಿ ವಿನಂತಿ.