ಪದಚರ್ಚೆ: ‘ಗ್ರೂಪ್‌ಸೆಟ್’ ಅನ್ನು ‘ಬಿಡಿಭಾಗ’ ಎನ್ನಬಹುದೇ? ‘ದೊಡ್ಡ ಗೇರು’ ಎಂದರೆ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನಲ್ಲಿ ರೋಡ್ ಸೈಕಲ್ ತುಳಿಯುವ ಗೆಳೆಯರಿಗಾಗಿ, ದುಬಾರಿ ಗ್ರೂಪ್‌ಸೆಟ್ ಕೊಳ್ಳುವ ಮುನ್ನ ಏನೇನು ನೋಡಿಕೊಳ್ಳಬೇಕು ಎಂಬುದರ ಬಗ್ಗೆ ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಕೆಲವು ಮಾತುಗಳ ಬಳಕೆ ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ನಿಮ್ಮೆಲ್ಲರ ಅಭಿಪ್ರಾಯ ಕೇಳುತ್ತಿದ್ದೇನೆ.

ಹ್ಯಾಂಡಲ್ ಮೇಲಿನ ಗೇರು-ಬ್ರೇಕಿನ ಲಿವರುಗಳು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರುಗಳು, ಪೆಡಲು ಕೂರುವ ತೋಳಾದ ಕ್ರ್ಯಾಂಕು, ಚೈನು, ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್ಟು, ಬ್ರೇಕು, ಇವೆಲ್ಲ ಸೇರಿದ್ದು ಗ್ರೂಪ್‌ಸೆಟ್. ಇದಕ್ಕೆ ‘ಬಿಡಿಭಾಗಗಳು’ ಎಂದು ಬರೆಯುವುದು ಸುಲಭ. ಆದರೆ ಆ ಪದದೊಳಗಿನ ‘ಬಿಡಿ’ಯೇ ನನಗೆ ತೊಡಕಾಗಿ ಕಾಣುತ್ತದೆ. ಬಿಡಿಭಾಗ ಎಂದೊಡನೆ, ಒಂದು ಸವೆದರೆ ಯಾವ ಅಂಗಡಿಯಿಂದಲಾದರೂ ಇನ್ನೊಂದನ್ನು ತಂದು ಕೂರಿಸಬಹುದು ಎಂಬ ಭಾವನೆ ಬರುತ್ತದೆ. ಗ್ರೂಪ್‌ಸೆಟ್ಟಿನ ಸಂಗತಿ ಹಾಗಿಲ್ಲ. ಕೇಬಲ್ಲಿನಿಂದ ನಡೆಯುವ ಸೆಟ್ಟಿನಲ್ಲಿ, ಲಿವರನ್ನು ಒಂದು ಸಲ ಒತ್ತಿದಾಗ ಕೇಬಲ್ ಎಷ್ಟು ಎಳೆಯಬೇಕು ಎಂಬ ಲೆಕ್ಕ ಜಪಾನಿನ ಶಿಮಾನೊಗೆ ಒಂದು, ಅಮೆರಿಕದ ಸ್ರ್ಯಾಮಿಗೆ ಒಂದು, ಇಟಲಿಯ ಕಂಪಾನ್ಯೋಲೊಗೆ ಮತ್ತೊಂದು. ಒಬ್ಬರ ಲಿವರಿಗೆ ಇನ್ನೊಬ್ಬರ ಡಿರೇಲರು ಜೋಡಿಸಿದರೆ ಚೈನು ಹಲ್ಲಿನ ಮೇಲೆ ಸರಿಯಾಗಿ ಕೂರದೆ ಕರಕರ ಎನ್ನುತ್ತಲೇ ಇರುತ್ತದೆ. ಡಿಸ್ಕ್ ಬ್ರೇಕಿನೊಳಗಿನ ದ್ರವವೂ ಬೇರೆ: ಶಿಮಾನೊ ಬಳಸುವುದು ಮಿನರಲ್ ಆಯಿಲ್, ಸ್ರ್ಯಾಮಿನ ರೋಡ್ ಬ್ರೇಕುಗಳಲ್ಲಿರುವುದು ಡಾಟ್ ದ್ರವ, ಒಂದರ ಜಾಗಕ್ಕೆ ಇನ್ನೊಂದನ್ನು ಸುರಿದರೆ ಒಳಗಿನ ರಬ್ಬರ್ ಸೀಲುಗಳು ಕೆಡುತ್ತವೆ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಬರುವವರಿಗೆ ಇದು ಸಣ್ಣ ವಿಷಯವಲ್ಲ.

‘ಸರಂಜಾಮು’ ಎಂಬ ಸೂಚನೆಯೂ ಬಂದಿತ್ತು. ಒಂದು ಕೆಲಸಕ್ಕೆ ಬೇಕಾದದ್ದೆಲ್ಲ ಎಂಬ ಅರ್ಥ ಅದರಲ್ಲಿದೆಯೇ ಹೊರತು, ಒಂದಕ್ಕೊಂದು ಹೊಂದಲೇಬೇಕೆಂಬ ಕಟ್ಟು ಅದರಲ್ಲಿಲ್ಲ. ನನ್ನ ಒಲವು ‘ಸೆಟ್ಟು’ ಎಂಬುದರ ಕಡೆಗೆ. ಮೋಟರ್‌ಸೈಕಲ್ ಗ್ಯಾರೇಜಿನಲ್ಲಿ ‘ಚೈನ್ ಸ್ಪ್ರಾಕೆಟ್ ಸೆಟ್ ಹಾಕಿಸ್ಬೇಕು ಸಾರ್’ ಎಂದರೆ, ಚೈನೊಂದನ್ನೇ ಬದಲಾಯಿಸಿ ಪ್ರಯೋಜನವಿಲ್ಲ ಎಂಬುದು ಯಾರಿಗೂ ಬಿಡಿಸಿ ಹೇಳದೆಯೇ ತಿಳಿಯುತ್ತದೆ. ಈಗಾಗಲೇ ಇಷ್ಟು ಕೆಲಸ ಮಾಡುತ್ತಿರುವ ಮಾತನ್ನು ಬಿಟ್ಟು ಹೊಸದೊಂದನ್ನು ಟಂಕಿಸಬೇಕೇ ಎಂಬುದು ನನ್ನ ಮೊದಲ ಪ್ರಶ್ನೆ.

‘ಮೇಲ್ದರ್ಜೆಯ’ ಎಂಬ ವಿಶೇಷಣವನ್ನು ನಾನು ಕೈಬಿಟ್ಟಿದ್ದೇನೆ, ಕಾರಣವಿದೆ. ಶಿಮಾನೊದಲ್ಲಿ 1973ರಿಂದ ನಡೆದುಬಂದ ಡ್ಯುರಾ ಏಸ್ ಎಲ್ಲಕ್ಕಿಂತ ಮೇಲಿನದು, ಅದರ ಕೆಳಗೆ ಅಲ್ಟೆಗ್ರಾ, ಅದರ ಕೆಳಗೆ 105. ಈ ಮೂರರ ಎಲೆಕ್ಟ್ರಾನಿಕ್ ಸೆಟ್ಟುಗಳಲ್ಲೂ ಹಿಂದೆ ಇರುವುದು 12 ಹಲ್ಲುಚಕ್ರಗಳೇ. ಬೆಲೆ ಏರಿದಂತೆ ತೂಕ ಇಳಿಯುತ್ತದೆ, ನಯಗಾರಿಕೆ ಹೆಚ್ಚುತ್ತದೆ. ಆದರೆ ಡ್ಯುರಾ ಏಸ್ ಕ್ಯಾಸೆಟ್ಟಿನ ಅತಿ ದೊಡ್ಡ ಚಕ್ರಕ್ಕೆ 34 ಹಲ್ಲು. 105ಕ್ಕೆ 36 ಹಲ್ಲಿನದೂ ಸಿಗುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆಗೆ ಕೈಮರದಿಂದ ಹತ್ತುವವರಿಗೆ, ಹಿಂದೆ ಹಲ್ಲು ಹೆಚ್ಚಿದಷ್ಟೂ ಏರು ಸಲೀಸಾಗುವುದರಿಂದ, ಆ ಎರಡು ಹಲ್ಲು ಮೊಣಕಾಲಿಗೆ ತಿಳಿಯುತ್ತದೆ. ‘ಮೇಲ್ದರ್ಜೆ’ ಎಂದು ಬರೆದರೆ, ಓದುಗರು ಅದನ್ನೇ ನಮ್ಮ ಗಿರಿಗಳಿಗೂ ಮೇಲಾದದ್ದು ಎಂದುಕೊಳ್ಳುತ್ತಾರೆ. ಹಾಗಾಗಿ ನೇರವಾಗಿ ‘ದುಬಾರಿ’ ಎಂದೇ ಬರೆದಿದ್ದೇನೆ.

ನಿಜವಾದ ಗೊಂದಲ ‘ದೊಡ್ಡ ಗೇರಿ’ನದು. ಮುಂದಿನ ಚೈನ್‌ವೀಲ್, ಅಂದರೆ ಪೆಡಲಿನ ಬಳಿಯ ಹಲ್ಲುಚಕ್ರ, ದೊಡ್ಡದಾದಷ್ಟೂ ಪೆಡಲು ಭಾರ. ಹಿಂದಿನ ಹಲ್ಲುಚಕ್ರ ದೊಡ್ಡದಾದಷ್ಟೂ ಪೆಡಲು ಸಲೀಸು. ಮುಂದೆ 50, ಹಿಂದೆ 11 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು ಒಂಬತ್ತೂವರೆ ಮೀಟರ್ ಓಡುತ್ತದೆ; ಮುಂದೆ 34, ಹಿಂದೆಯೂ 34 ಇದ್ದರೆ ಎರಡು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ‘ದಿಣ್ಣೆ ಬಂತು, ದೊಡ್ಡ ಗೇರು ಹಾಕು’ ಎಂದು ಒಬ್ಬರು ಹಿಂದಿನದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರೆ, ಕೇಳಿದವರು ಮುಂದಿನದನ್ನು ಏರಿಸಿ ಅಲ್ಲೇ ನಿಂತುಬಿಡುತ್ತಾರೆ. ‘ಹಗುರ ಗೇರು, ಭಾರದ ಗೇರು’ ಎನ್ನೋಣವೆಂದರೆ, ‘ಹಗುರ’ ಎಂಬ ಮಾತು ಸೆಟ್ಟಿನ ತೂಕಕ್ಕೆ ಆಗಲೇ ಬೇಕಾಗಿದೆ. ‘ಹಗುರವಾದ ಸೆಟ್ಟಿನಲ್ಲಿ ಹಗುರ ಗೇರು ಇರುವುದಿಲ್ಲ’ ಎಂಬ ವಾಕ್ಯವನ್ನು ಯಾರಿಗೆ ಓದಿಸುವುದು?

ಸದ್ಯಕ್ಕೆ ‘ಏರಿನ ಗೇರು’, ‘ಓಟದ ಗೇರು’ ಎಂದು ಬರೆದುಕೊಂಡಿದ್ದೇನೆ. ಚಕ್ರದ ಗಾತ್ರವನ್ನು ಬಿಟ್ಟು ಅದು ಮಾಡುವ ಕೆಲಸವನ್ನೇ ಹೇಳುವುದರಿಂದ ಇವು ಮುಂದಿನದಕ್ಕೂ ಹಿಂದಿನದಕ್ಕೂ ಒಟ್ಟಾಗಿ ಸಲ್ಲುತ್ತವೆ ಎಂದು ನನ್ನ ಎಣಿಕೆ. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಲಾರಿ, ಜೀಪು ಓಡಿಸುವವರ ಬಾಯಲ್ಲಿ ಇದಕ್ಕಿಂತ ಚೆನ್ನಾದ ಮಾತು ಇದ್ದರೆ, ಅದನ್ನು ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಕೇಳಿದಿರಿ ಎಂಬುದರೊಡನೆ ದಯವಿಟ್ಟು ತಿಳಿಸಿ.