ಪದ ಬೇಕು: ‘ಇಂಡಿಪೆಂಡೆಂಟ್ ಕಾಂಟ್ರಾಕ್ಟರ್’ (ಇವತ್ತು ಸಂಜೆಯೊಳಗೆ)

ಗೆಳೆಯರೇ,
ಇಲ್ಲಿನ ಎ.ಸಿ. ರಿಪೇರಿ ಅಂಗಡಿಯೊಂದಕ್ಕೆ ಕರಾರುಪತ್ರ ಮತ್ತು ಒಂದು ಬೋರ್ಡು ಕನ್ನಡದಲ್ಲಿ ಬೇಕು. ಮೆಕ್ಯಾನಿಕ್‌ಗಳನ್ನು ಕರೆಯುತ್ತಿದ್ದಾರೆ, ಆದರೆ ಸಂಬಳಕ್ಕಲ್ಲ. ಸರ್ವಿಸಿಗೆ ಇಷ್ಟು, ಗ್ಯಾಸ್ ತುಂಬಿದರೆ ಇಷ್ಟು. ಪಾನಾ, ಗೇಜು, ಬೈಕು ಎಲ್ಲ ಅವರದೇ. ‘ಸ್ವತಂತ್ರ ಗುತ್ತಿಗೆದಾರ’ ಅಂತ ಬರೆದೆ. ಕರಡು ಓದಿದ ಹುಡುಗ, ‘ಅಂದ್ರ ಗುತ್ತಿಗೆ ನೌಕರಿ ಏನ್ರಿ ಸರ್? ಪಿಎಫ್ ಯಾರ್ ಕಟ್ತಾರ?’ ಅಂದ. ಬೋರ್ಡಿನವನು ಆರು ಗಂಟೆಗೆ ಬರುತ್ತಾನೆ.
(ಹುಬ್ಬಳ್ಳಿ)

‘ಸ್ವತಂತ್ರ’ ದಂಡ. ಪರತಂತ್ರ ಗುತ್ತಿಗೆದಾರ ಅಂತ ಯಾರಾದರೂ ಇದ್ದಾರಾ? ‘ಗುತ್ತಿಗೆ’ ನಮ್ಮದೇ ಮಾತು, ತಮಿಳಿನ ‘ಕುತ್ತಗೈ’ ನೋಡಿ. ತೊಡಕಿರುವುದು ಬಾಲದಲ್ಲಿ. ಆ ಪಾರಸಿ ‘ದಾರ’ ಕಿತ್ತು ‘ಗುತ್ತಿಗೆಗಾರ’ ಅನ್ನಿ. ಮುಗಿಯಿತು.
(ಮೈಸೂರು)

ಮುಗಿಯಲಿಲ್ಲ. ‘ಗಾರ’ವೂ ಸಂಸ್ಕೃತದ ‘ಕಾರ’ದಿಂದ ಬಂದದ್ದು. ಪಾಲುದಾರ, ಬಾಡಿಗೆದಾರರನ್ನೂ ಓಡಿಸುತ್ತೀರಾ? ‘ನೌಕರ’ ಪಾರಸಿ, ಅದರ ಹಿಂದೆ ಮಂಗೋಲಿಯನ್. ನಮ್ಮ ಕಡೆಯ ‘ಪಗಾರ’ ಪೋರ್ಚುಗೀಸರದ್ದು. ನಿಮ್ಮ ಮನೆ ಕಟ್ಟಿದ ‘ಮೇಸ್ತ್ರಿ’ಯೂ ಅಲ್ಲಿಯವನೇ. ಇನ್ನು ‘ಜೀತ’ ತೆಗೆದುಕೊಳ್ಳಿ. ‘ಜೀವಿತ’ದಿಂದ ಬಂದದ್ದು, ಹಳಗನ್ನಡದಲ್ಲಿ ಸಂಬಳ. ತೆಲುಗರು ಇವತ್ತಿಗೂ ತಿಂಗಳ ಕೊನೆಗೆ ಖುಷಿಯಾಗಿ ‘ಜೀತಂ’ ತೆಗೆದುಕೊಳ್ಳುತ್ತಾರೆ. ನಾವು ಬೋರ್ಡಿಗೆ ಹಾಕಿದರೆ ಪೊಲೀಸರು ಬರುತ್ತಾರೆ. ಬೇರು ಅಗೆದರೆ ಅರ್ಥ ಸಿಗಲ್ಲ ಸ್ವಾಮಿ.
(ಬೆಳಗಾವಿ)

ಎರವಲು ಹೊತ್ತು ತಿರುಗುವವರಿಗೆ ಎಲ್ಲವೂ ಒಂದೇ.
(ಮೈಸೂರು)

ಜಗಳ ಆಮೇಲೆ. ಹುಡುಗ ಕೇಳಿದ್ದು ಸರಿಯಾಗಿಯೇ ಇದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಬಂದ ಮೇಲೆ ‘ಗುತ್ತಿಗೆದಾರ’ ಅಂದರೆ ಆಳುಗಳನ್ನು ಒದಗಿಸುವವನು ಅಂತ ಜನರ ತಲೆಯಲ್ಲಿ ಕೂತಿದೆ. ಅವನ ಕೈಕೆಳಗಿನವರು ‘ಗುತ್ತಿಗೆ ಕಾರ್ಮಿಕರು’. ಒಂಟಿಯಾಗಿ ಬಂದು ಎ.ಸಿ. ಬಿಚ್ಚಿ, ತೊಳೆದು, ದುಡ್ಡು ಎಣಿಸಿಕೊಂಡು ಹೋಗುವವನು ಇವೆರಡೂ ಅಲ್ಲ. ಅವನಿಗೆ ‘ಸ್ವಂತ ಲೆಕ್ಕದ ಕೆಲಸಗಾರ’ ಅಂದರೆ ಯಾರಿಗೂ ಅರ್ಥವಾಗುತ್ತೆ.

ಒಂದು ಮಾತು ಜಾಸ್ತಿ ಹೇಳುತ್ತೇನೆ. ಕರಾರಿನಲ್ಲಿ ದಿನದ ಹಾಜರಿ, ಅಂಗಡಿಯ ಟೀಶರ್ಟು, ರಜೆಗೆ ಅನುಮತಿ ಅಂತೆಲ್ಲ ಇದೆಯಾ? ಗುಜರಾತಿನ ಧ್ರಾಂಗಧ್ರಾ ಕಡೆ ಒಂದು ಕಂಪನಿಗೆ ಉಪ್ಪು ತಯಾರಿಸಿಕೊಡುತ್ತಿದ್ದ ಅಗರಿಯಾಗಳಿಗೆ ತೂಕದ ಲೆಕ್ಕದಲ್ಲೇ ದುಡ್ಡು. ಸಹಾಯಕ್ಕೆ ಆಳುಗಳನ್ನು ಅವರೇ ಕರೆದುಕೊಳ್ಳುತ್ತಿದ್ದರು. ಆದರೂ 1950ರ ದಶಕದಲ್ಲಿ ಸುಪ್ರೀಂ ಕೋರ್ಟು ಅವರನ್ನು ಕಾರ್ಮಿಕರು ಅಂತಲೇ ಹೇಳಿತು. ಯಾಕೆಂದರೆ ಕೆಲಸ ಹೇಗೆ ಮಾಡಬೇಕು ಅನ್ನುವ ಹಿಡಿತ ಕಂಪನಿಯ ಕೈಯಲ್ಲಿತ್ತು. ಬರೆದ ಪದ ಯಾವುದಾದರೇನು?
(ಬೆಂಗಳೂರು)

ಇದೆ ಸರ್. ಒಂಬತ್ತೂವರೆಗೆ ಹಾಜರಿ, ನೀಲಿ ಟೀಶರ್ಟು. ಮಾಲೀಕರಿಗೆ ತೋರಿಸಿದೆ. ‘ನಿಮಗ ಕೊಟ್ಟಿದ್ದು ಅನುವಾದ ಮಾಡಾಕ ಅಷ್ಟ’ ಅಂದರು. ಕರಾರಿಗೆ ‘ಸ್ವಂತ ಲೆಕ್ಕದ ಕೆಲಸಗಾರ’ ಹಾಕಿದ್ದೇನೆ. ಬೋರ್ಡಿಗೆ ‘ಮೆಕ್ಯಾನಿಕ್‌ಗಳು ಬೇಕಾಗಿದ್ದಾರೆ. ಸಂಬಳವಿಲ್ಲ, ಕೆಲಸಕ್ಕೆ ತಕ್ಕ ದುಡ್ಡು’ ಅಂತ ಕೊಟ್ಟೆ. ‘ಸಂಬಳವಿಲ್ಲ’ ಅನ್ನುವುದನ್ನು ಅವರೇ ಹೊಡೆದು ಹಾಕಿದರು.
(ಹುಬ್ಬಳ್ಳಿ)

‘ಸ್ವಂತ’ ಸಂಸ್ಕೃತ.
(ಮೈಸೂರು)