ದೊಡ್ಡಮಾವನ 1983ರ ಮಾರ್ಗೋ: ಮಾರುವುದೋ, ತೆರೆಯುವುದೋ?

ಭಾವ (ಬೆಂಗಳೂರು): ದೊಡ್ಡಮಾವನವರು ಫ್ರಾನ್ಸಿನಲ್ಲಿ ಬಿಟ್ಟುಹೋದ ವೈನ್ ಬಾಟಲಿಯ ಫೋಟೊ ನೋಡಿದೆ. ಶಾತೋ ಮಾರ್ಗೋ, 1983; ಫ್ರಾನ್ಸಿನ ಬೋರ್ದೋ ಪ್ರದೇಶದ ಕೆಂಪು ವೈನ್. ಇದನ್ನು ಹರಾಜಿಗೆ ಹಾಕಿ, ಬಂದ ಹಣವನ್ನು ನಾಲ್ಕೂ ಮನೆಗೆ ಸಮನಾಗಿ ಹಂಚಿಬಿಡೋಣ. ಯಾರಿಗೂ ತಕರಾರು ಇರುವುದಿಲ್ಲ.

ಚಿಕ್ಕಮ್ಮ (ಧಾರವಾಡ): ನನಗೆ ತಕರಾರು ಇದೆ. ನಮ್ಮಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ, ಅವನ ವಸ್ತುವನ್ನು ಆಗಲೇ ಮಾರುವುದೇ? ಫ್ರಾನ್ಸಿನಿಂದ ಯಾರಾದರೂ ಬರುವಾಗ ತರಲಿ. ಮೈಸೂರಿನ ಮನೆಯ ಷೋಕೇಸಿನಲ್ಲಿ ಅವನ ಫೋಟೊ ಪಕ್ಕದಲ್ಲಿ ಇಡೋಣ. ತೆರೆಯುವ ಮಾತಂತೂ ಬೇಡವೇ ಬೇಡ.

ಚಿಕ್ಕಮಾವ (ಮೈಸೂರು): ಷೋಕೇಸಿನಲ್ಲಿ ಜಾಗ ಇದೆ. ಮೇಲೊಂದು ಸಣ್ಣ ದೀಪವನ್ನೂ ಹಾಕಿಸುತ್ತೇನೆ.

ನಾನು: ಚಿಕ್ಕಮಾವ, ದೀಪ ಮಾತ್ರ ಬೇಡ. 1985ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರ ಲಾಫೀತ್ ಎಂಬ ಬೋರ್ದೋ ವೈನ್ ಎಂದು ಹೇಳಿದ ಬಾಟಲಿಯೊಂದು 1,05,000 ಪೌಂಡಿಗೆ ಹೋಯಿತು. ಕೊಂಡದ್ದು ಅಮೆರಿಕದ ಫೋರ್ಬ್ಸ್ ಕುಟುಂಬ. ಅವರು ಅದನ್ನು ಪ್ರದರ್ಶನಕ್ಕೆಂದು ದೀಪದ ಕೆಳಗೆ ಇಟ್ಟರು. ಶಾಖಕ್ಕೆ ಬಿರಡೆ ಒಣಗಿ, ಕುಗ್ಗಿ, ಬಾಟಲಿಯೊಳಗೇ ಜಾರಿಬಿತ್ತು. ಇಂಥ ವೈನನ್ನು ಕತ್ತಲಲ್ಲಿ, 12–13 ಡಿಗ್ರಿ ತಂಪಿನಲ್ಲಿ, ಮಲಗಿಸಿ ಇಡಬೇಕು. ಮೈಸೂರಿನ ಏಪ್ರಿಲ್ ಬಿಸಿಲಿಗೆ ಷೋಕೇಸಿನಲ್ಲಿ ನಿಲ್ಲಿಸಿದರೆ ಒಳಗಿರುವುದು ಸತ್ತೇ ಹೋಗುತ್ತದೆ.

ಭಾವ (ಬೆಂಗಳೂರು): ಒಂದು ಬಾಟಲಿಗೆ ಲಕ್ಷ ಪೌಂಡ್! ನಾನು ಹೇಳಿದ್ದೂ ಅದನ್ನೇ ಅಲ್ಲವೇ?

ನಾನು: ಭಾವ, ಅದರ ಮುಂದಿನ ಕಥೆಯನ್ನೂ ಕೇಳಿ. ಅದು ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ತರಿಸಿಕೊಂಡ ಬಾಟಲಿ ಎಂದು ಹೇಳಿಯೇ ಮಾರಿದ್ದರು, ಗಾಜಿನ ಮೇಲೆ ಅವನ ಹೆಸರಿನ ಮೊದಲಕ್ಷರಗಳು ಇದ್ದವು. ಆ ಬಾಟಲಿಯನ್ನು ಹರಾಜಿಗೆ ತಂದ ವ್ಯಕ್ತಿಯಿಂದಲೇ ಹೊರಬಂದ ಇಂಥವೇ ನಾಲ್ಕು ಬಾಟಲಿಗಳನ್ನು ಬಿಲ್ ಕೋಕ್ ಎಂಬ ಶ್ರೀಮಂತ ಕೊಂಡಿದ್ದ. ಆತ ತಜ್ಞರಿಂದ ಪರೀಕ್ಷೆ ಮಾಡಿಸಿದಾಗ, ಅಕ್ಷರ ಕೆತ್ತಿದ್ದು ವಿದ್ಯುತ್ ಉಪಕರಣದಿಂದ ಎಂದು ಅವರು ಹೇಳಿದರು. 18ನೇ ಶತಮಾನದಲ್ಲಿ ಅದೆಲ್ಲಿತ್ತು? ಆಮೇಲೆ ರೂಡಿ ಕುರ್ನಿಯಾವಾನ್ ಎಂಬಾತ ಕ್ಯಾಲಿಫೋರ್ನಿಯಾದ ತನ್ನ ಮನೆಯಲ್ಲೇ ಹಳೆಯ ವೈನುಗಳ ನಕಲು ತಯಾರಿಸಿ ಮಾರಿದ. 2014ರಲ್ಲಿ ಅವನಿಗೆ 10 ವರ್ಷ ಜೈಲು ಶಿಕ್ಷೆಯಾಯಿತು. ಇಷ್ಟೆಲ್ಲ ನಡೆದ ಮೇಲೆ ಕೊಳ್ಳುವವರು ಲೇಬಲ್ ನೋಡಿ ಹಣ ಕೊಡುವುದಿಲ್ಲ. ಎಲ್ಲಿ ಕೊಂಡಿರಿ, ರಸೀದಿ ಎಲ್ಲಿ, ಇಷ್ಟು ವರ್ಷ ಎಲ್ಲಿ ಇಟ್ಟಿದ್ದಿರಿ ಎಂದು ಕೇಳುತ್ತಾರೆ. ಅಣ್ಣ, ರಸೀದಿ ಇದೆಯೇ?

ಅಣ್ಣ (ತುಲೂಸ್, ಫ್ರಾನ್ಸ್): ಪೆಟ್ಟಿಗೆಗಳನ್ನೆಲ್ಲ ಹುಡುಕಿದೆ, ಇಲ್ಲ. ಮಾವ ಅದನ್ನು ಬಹಳ ಕಾಲ ಅಡುಗೆಮನೆಯ ಬೀರುವಿನಲ್ಲಿ ಇಟ್ಟಿದ್ದರು, ನೆಲಮಾಳಿಗೆಗೆ ಹೋದದ್ದು ಆಮೇಲೆ. ಇಲ್ಲಿನ ಬೇಸಿಗೆ ಗೊತ್ತಲ್ಲ.

ನಾನು: ಹಾಗಾದರೆ ಟಾರ್ಚ್ ಹಿಡಿದು ಒಂದು ಸಲ ನೋಡಿ ಹೇಳು. ಬಾಟಲಿಯನ್ನು ಮೆಲ್ಲನೆ ಎತ್ತು, ಅಲುಗಾಡಿಸಬೇಡ. ವೈನ್ ಎಲ್ಲಿಯವರೆಗೆ ಇದೆ?

ಅಣ್ಣ (ತುಲೂಸ್): ಕುತ್ತಿಗೆಯಲ್ಲಿ ಇಲ್ಲ. ಭುಜ ಬಾಗಿ ಇಳಿಯುತ್ತದಲ್ಲ, ಅದರ ನಡುಭಾಗಕ್ಕೆ ಬಂದು ನಿಂತಿದೆ. ಮಲಗಿದ್ದ ಕಡೆ ಗಾಜಿಗೆ ಕಪ್ಪು ಗಸಿ ಗೆರೆಯಂತೆ ಅಂಟಿಕೊಂಡಿದೆ. ಮೇಲಿನ ಲೋಹದ ಹೊದಿಕೆಯ ಅಂಚಿನಲ್ಲಿ ಒಣಗಿದ ಕಲೆ ಇದೆ.

ನಾನು: ನೋಡಿದಿರಾ ಭಾವ? ಬಿರಡೆ ಸ್ವಲ್ಪ ಸೋರಿದೆ. ಹರಾಜಿನವರು ಮೊದಲು ಅಳೆಯುವುದೇ ಈ ಮಟ್ಟವನ್ನು. ರಸೀದಿ ಇಲ್ಲ, ಮಟ್ಟ ಇಳಿದಿದೆ, ಬೇಸಿಗೆ ಕಂಡಿದೆ. ಕೈಗೆ ಬರುವ ಹಣ ನೀವು ಎಣಿಸಿದಷ್ಟಂತೂ ಇರುವುದಿಲ್ಲ. ನನ್ನ ಮಾತು ಇಷ್ಟೇ: ಅದನ್ನು ಅಲ್ಲೇ, ಬೇಗ ತೆರೆಯಬೇಕು.

ಇದು ಯಾವ ತೋಟದ್ದು ಎಂದು ಸ್ವಲ್ಪ ಯೋಚಿಸಿ. 1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ದೋ ವೈನುಗಳಿಗೆ ದರ್ಜೆ ಕೊಟ್ಟಾಗ, ಕೆಂಪು ವೈನಿನ ಮೊದಲ ದರ್ಜೆ ಸಿಕ್ಕಿದ್ದು ನಾಲ್ಕೇ ತೋಟಗಳಿಗೆ. ಅದರಲ್ಲಿ ಮಾರ್ಗೋ ಒಂದು. 1970ರ ದಶಕದಲ್ಲಿ ಆ ಹೆಸರು ಮಂಕಾಗಿತ್ತು. 1977ರಲ್ಲಿ ಆಂದ್ರೆ ಮೆಂಟ್ಸೆಲೋಪುಲೋಸ್ ಎಂಬ ಗ್ರೀಕ್ ಮೂಲದ ವ್ಯಾಪಾರಿ ಅದನ್ನು ಕೊಂಡು ತೋಟಕ್ಕೂ ನೆಲಮಾಳಿಗೆಗೂ ಹಣ ಸುರಿದರು. 1980ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಕೊರಿನ್ ಹೊಣೆ ಹೊತ್ತರು. 1982ರ ಬೋರ್ದೋಗಳನ್ನು ಎಲ್ಲರೂ ಕೊಂಡಾಡುತ್ತಾರೆ, ಆದರೆ ಮಾರ್ಗೋ ಊರಿನ ಮಟ್ಟಿಗೆ 1983 ಅದಕ್ಕಿಂತ ಮೇಲು ಎನ್ನುವವರು ಬಹಳ. ಅಪ್ಪ ಕಟ್ಟಲು ಹೊರಟು ಅರ್ಧಕ್ಕೆ ಬಿಟ್ಟದ್ದನ್ನು ಮಗಳು ಎತ್ತಿ ನಿಲ್ಲಿಸಿದ ಕಾಲದ ಬೆಳೆ ಅದು. ಕುಡಿಯಲೆಂದು ಮಾಡಿದ್ದನ್ನು ವಿನೆಗರ್ ಆಗಲು ಬಿಡುವುದು ಆ ಕೈಗಳಿಗೆ ಮಾಡುವ ಅವಮಾನ.

ಚಿಕ್ಕಮಾವ (ಮೈಸೂರು): ನಿಮ್ಮ ದೊಡ್ಡಮಾವ ಹೇಳುತ್ತಿದ್ದ ಒಂದು ಸಂಗತಿ ನೆನಪಾಯಿತು. ಮಾರ್ಕ್ಸ್‌ನ ಮಗಳು ಎಂಗೆಲ್ಸ್‌ಗೆ ನಿಮ್ಮ ಪಾಲಿಗೆ ಸುಖ ಎಂದರೇನು ಎಂದು ಕೇಳಿದಾಗ ಆತ ಬರೆದದ್ದು ‘1848ರ ಶಾತೋ ಮಾರ್ಗೋ’ ಎಂದು. ಯೂನಿಯನ್ ಸಭೆ ಮುಗಿದ ಮೇಲೆ ಇದನ್ನು ಹೇಳಿ ನಮ್ಮಣ್ಣ ಎಷ್ಟು ನಗುತ್ತಿದ್ದ! ಬಹುಶಃ ಅದಕ್ಕೇ ಕೊಂಡಿದ್ದನೋ ಏನೋ. ಷೋಕೇಸಿನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಚಿಕ್ಕಮ್ಮ (ಧಾರವಾಡ): ನಮ್ಮ ಮನೆಯಲ್ಲಿ ಮದ್ಯ ಮುಟ್ಟಿದವರಿಲ್ಲ. ಅವನು ಅಲ್ಲಿ ಏನು ಮಾಡಿದನೋ ನಾನು ಕೇಳಲಿಲ್ಲ. ಈಗ ಅವನ ಹೆಸರಿನಲ್ಲಿ ಕುಡಿಯಿರಿ ಎಂದು ನನ್ನ ಬಾಯಿಂದ ಹೇಗೆ ಹೇಳಲಿ?

ನಾನು: ನೀವು ಹೇಳಬೇಕಾಗಿಲ್ಲ ಚಿಕ್ಕಮ್ಮ. ನಮ್ಮಲ್ಲಿ ಯಾರೂ ಕುಡಿಯಬೇಕೆಂದೂ ಇಲ್ಲ. ಕೊನೆಯ ಮೂರು ತಿಂಗಳು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದವರು ಪಕ್ಕದ ಮನೆಯ ದಂಪತಿ. ಭಾನುವಾರದ ಊಟವನ್ನು ಮಾವ ಅವರ ಜೊತೆಗೇ ಮಾಡುತ್ತಿದ್ದರು. ನಾವು ಯಾರೂ ಇರದಿದ್ದಾಗ ಇದ್ದವರು ಅವರು. ಮಾವನ ಹುಟ್ಟುಹಬ್ಬದ ದಿನ ಅಣ್ಣ ಅದನ್ನು ಅವರ ಮೇಜಿನ ಮೇಲೆ ತೆರೆಯಲಿ.

ಚಿಕ್ಕಮ್ಮ (ಧಾರವಾಡ): ಆ ದಂಪತಿಗಾದರೆ ಸರಿ. ಅವರ ಋಣ ನಮ್ಮ ಮೇಲಿದೆ. ಆದರೆ ಖಾಲಿ ಬಾಟಲಿ ನನಗೆ ಬೇಕು.

ನಾನು: ಖಂಡಿತ. ಅಣ್ಣ, ಖಾಲಿ ಬಾಟಲಿಯನ್ನು ಯಾರು ಕೇಳಿದರೂ ಕೊಡಬೇಡ. ದೊಡ್ಡ ತೋಟಗಳ ಖಾಲಿ ಬಾಟಲಿಗಳನ್ನು ಕೊಂಡು ನಕಲು ತುಂಬುವವರಿದ್ದಾರೆ. ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸು, ಗಸಿ ತಳಕ್ಕೆ ಇಳಿಯಲಿ. ಹಳೆಯ ಬಿರಡೆಗೆ ತಿರುಪು ಹಾಕಿದರೆ ಪುಡಿಯಾಗುತ್ತದೆ, ಎರಡು ಅಲಗಿನ ಓಪನರ್ ತೆಗೆದುಕೋ. ಬಗ್ಗಿಸುವಾಗ ಕುತ್ತಿಗೆಯ ಹಿಂದೆ ಬೆಳಕು ಇರಲಿ, ಗಸಿ ಕಂಡ ಕೂಡಲೇ ನಿಲ್ಲಿಸು. ತೆರೆದ ಮೇಲೆ ಬಹಳ ಹೊತ್ತು ಬಿಡಬೇಡ, ಇಷ್ಟು ಹಳೆಯದು ಗಾಳಿಗೆ ಬೇಗ ಸೊರಗುತ್ತದೆ.

ಭಾವ (ಬೆಂಗಳೂರು): ನಾನಿನ್ನೂ ಒಪ್ಪಿಲ್ಲ. ಅಲ್ಲಿನ ಹರಾಜಿನವರು ಒಬ್ಬರು ಬಾಟಲಿ ನೋಡಿ ಬೆಲೆ ಹೇಳಲಿ, ಆಮೇಲೆ ನಿರ್ಧಾರ.

ಅಣ್ಣ (ತುಲೂಸ್): ಸರಿ ಭಾವ, ಶುಕ್ರವಾರ ತೋರಿಸುತ್ತೇನೆ. ಹುಟ್ಟುಹಬ್ಬ ಮುಂದಿನ ತಿಂಗಳ 9ಕ್ಕೆ. ಪಕ್ಕದ ಮನೆಯವರಿಗೆ ಊಟಕ್ಕೆ ಬರುವುದಾಗಿ ಇವತ್ತೇ ಹೇಳಿಬಿಡುತ್ತೇನೆ.